ನಮ್ಮ ಹಿರಿಯರ ಕೊಳಗದ ಲೆಕ್ಕ

ತಾಳವಾಡಿ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಹುಡುಕಿದರೆ ಕೊಳಗವೋ ಸೇರೋ ಇಂದಿಗೂ ಕೈಗೆ ಸಿಕ್ಕೀತು. ಇದು ರಾಗಿಯ ನಾಡು. ನಮ್ಮ ಹಿರಿಯರು ರಾಗಿಯನ್ನು ತೂಗಿದವರಲ್ಲ, ಅಳೆದವರು. 20 ಕೊಳಗಕ್ಕೆ ಒಂದು ಖಂಡುಗ. ಕಣದ ರಾಶಿಗೆ ಮಾತ್ರವಲ್ಲ, ನೆಲಕ್ಕೂ ಇದೇ ಮಾನ. ಖಂಡುಗ ಬೀಜ ಹಿಡಿಯುವ ಭೂಮಿಯೇ ಖಂಡುಗದ ಭೂಮಿ. ಕನ್ನಡ ಶಾಸನಗಳಲ್ಲಿ ದತ್ತಿಯ ಹೊಲಗದ್ದೆಗಳನ್ನು ಖಂಡುಗ ಕೊಳಗಗಳಲ್ಲಿ ಹೇಳಿರುವುದು ಇದರಿಂದಲೇ.

ಸೇರಿನ ಅರ್ಧ ಅಚ್ಚೇರು, ಕಾಲು ಭಾಗ ಪಾವು, ಅದರರ್ಧ ಅರೆಪಾವು, ಅದರರ್ಧ ಚಟಾಕು. ಹೀಗೆ ಸೇರಿಗೆ 16 ಚಟಾಕು; ರೂಪಾಯಿಗೂ 16 ಆಣೆ. ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಅಕ್ಷರವರಿಯದ ಅಜ್ಜಿಯರು ಸಂತೆಯಲ್ಲಿ ನಿಂತ ನಿಲುವಿನಲ್ಲೇ ಬೆಲೆ ಕಟ್ಟುತ್ತಿದ್ದುದರ ಗುಟ್ಟು ಇಷ್ಟೇ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು ಆಣೆಯು ಆರೂಕಾಲು ಪೈಸೆಯಾದಾಗ ಅವರು ತಡವರಿಸಿದ್ದರಲ್ಲಿ ಆಶ್ಚರ್ಯವೇನು?

ಇಷ್ಟು ಬಲ್ಲವರೂ ಸೋಲುತ್ತಿದ್ದ ಎಡೆಯೊಂದಿತ್ತು. ಅದು ಕೊಳಗದ ಬಾಯಿ. ಕೋಲೆಳೆದು ಬಾಯಿಮಟ್ಟ ಅಳೆಯುವುದು ಒಂದು ಬಗೆ. ಕಾಳು ತಾನಾಗಿ ಜಾರುವವರೆಗೆ ಗೋಪುರದಂತೆ ಏರಿಸಿ ಅಳೆಯುವುದು ಇನ್ನೊಂದು. ನಮ್ಮ ಮನೆಯ ಹಿರಿಯರೊಬ್ಬರು ಬಾಯಿಮಟ್ಟದ ಅಳತೆಯಲ್ಲಿ ಖಂಡುಗ ರಾಗಿ ಸಾಲ ತಂದು, ಸುಗ್ಗಿಯಲ್ಲಿ ಗೋಪುರದ ಅಳತೆಯಲ್ಲಿ ತೀರಿಸಿದರೆಂದು ಕೇಳಿದ್ದೇವೆ. ನಷ್ಟವೆಷ್ಟು? ಶಂಕುವಿನ ಘನಫಲ, ಅದೇ ತಳ ಅದೇ ಎತ್ತರದ ಸ್ತಂಭದ ಮೂರನೆಯ ಒಂದು ಭಾಗ. ತಳವೂ ಬಾಯಿಯೂ ಸಮವಾದ ಕೊಳಗದ ಮೇಲೆ ರಾಶಿಯು ಅದರ ಅರ್ಧದೆತ್ತರ ನಿಂತಿತೆನ್ನೋಣ. ಅರ್ಧದ ಮೂರನೆಯ ಒಂದು ಎಂದರೆ ಆರನೆಯ ಒಂದು. ಆರು ಕೊಳಗ ಅಳೆದಾಗ ಒಂದು ಕೊಳಗ ಹೆಚ್ಚು ಹೋಯಿತು. ಖಂಡುಗಕ್ಕೆ ಮೂರು ಕೊಳಗವೂ ಮೇಲೆ ಮೂರನೆಯ ಒಂದು ಭಾಗವೂ. ಬಡ್ಡಿ ಇದರ ಹೊರಗೆ! ಬಾಯಿ ಅಗಲವಾದಷ್ಟೂ ಗೋಪುರ ಎತ್ತರ. ಸಮವಾಗಿ ಹಿಡಿಯುವ ಎರಡು ಕೊಳಗಗಳಲ್ಲಿ ಅಗಲ ಬಾಯಿಯದನ್ನು ಕೊಳ್ಳಲೂ ಕಿರುಬಾಯಿಯದನ್ನು ಮಾರಲೂ ಇಟ್ಟುಕೊಂಡವನಿಗೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

ಈ ಲೆಕ್ಕ ನಮ್ಮವರಿಗೆ ಹೊಸತಲ್ಲ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದ ತನ್ನ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗೂ ಅಗೆತದ ಘನಫಲಕ್ಕೂ ಬೇರೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟನು. ಇಡಿಯ ಒಂದನ್ನು ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಎಂದು ಹಂಚುವ ವಿಧಾನವೂ ಅಲ್ಲಿದೆ. ವಾಚಕರು ಕೂಡಿ ನೋಡಬಹುದು. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಕನ್ನಡದಲ್ಲಿ ಲೆಕ್ಕ ಕಲಿಯುವ ನಮ್ಮ ಮಕ್ಕಳು ಈ ಹೆಸರನ್ನು ಕೇಳಿರಬೇಡವೇ?

ಗಡಿಯವರಾದ ನಮಗೆ ಮತ್ತೊಂದು ತೊಡಕಿತ್ತು. ಚಾಮರಾಜನಗರದ ಕಡೆ ಸೇರು, ಪಾವು. ದಿಂಬಂ ಘಾಟಿಯ ಕೆಳಗೆ ಪಡಿ, ಪಡಿಗೆ 8 ಆಳಾಕ್ಕು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದರಾಸು ರಾಜ್ಯದಲ್ಲಿ ಉಳಿಯಿತು. ಅದೇ ವರ್ಷದ ಕೊನೆಯಲ್ಲಿ ತೂಕ ಅಳತೆಗಳ ಕಾನೂನು ಬಂದು, ಮುಂದೆ ಹಂತಹಂತವಾಗಿ ಗಡಿಯ ಎರಡು ಕಡೆಗೂ ಒಂದೇ ಲೀಟರು, ಒಂದೇ ಕಿಲೋ ಆಯಿತು. ಇದು ಬಡವನಿಗೆ ಒಳಿತನ್ನೇ ಮಾಡಿತೆಂದು ನಮ್ಮ ಅಭಿಪ್ರಾಯ.

ಆದರೂ ತಾಯಂದಿರು ಈ ರಜೆಯಲ್ಲಿ ಅಟ್ಟದ ಕೊಳಗವನ್ನು ಇಳಿಸಿ ಮಕ್ಕಳ ಕೈಗೆ ಕೊಡಲಿ. ರಾಗಿಯನ್ನು ಗೋಪುರ ಕಟ್ಟಿ ತುಂಬಿ, ಕೋಲೆಳೆದು, ಕೆಳಗೆ ಬಿದ್ದುದನ್ನು ಮಾತ್ರ ಪಾವಿನಿಂದ ಅಳೆಯಲಿ.