ಕಾವಲಿನ ಹುಲ್ಲು, ಬೇಟೆಯ ಪಾಲು: ತುಮಕೂರು ಸೀಮೆಯ ಜಿಂಕೆಬೇಟೆಯ ಚರಿತ್ರೆ

ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಸೀಮೆಯಲ್ಲಿ ನಡೆದ ಜಿಂಕೆಬೇಟೆಯ ಚರಿತ್ರೆಯನ್ನು ಬಲೆಯಿಂದಲೋ ಬಂದೂಕಿನಿಂದಲೋ ಆರಂಭಿಸುವುದಕ್ಕಿಂತ ನೆಲದಿಂದ ಆರಂಭಿಸುವುದು ಲೇಸು. ಜಿಲ್ಲೆಯ ಪೂರ್ವ ಭಾಗದಲ್ಲಿ ಮಧುಗಿರಿಯ ಕಡೆಯಿಂದ ಹೊರಟು ದೇವರಾಯನದುರ್ಗವನ್ನು ಹಾದು ಹುತ್ರಿದುರ್ಗ, ಹುಲಿಯೂರುದುರ್ಗಗಳವರೆಗೆ ಚಾಚಿಕೊಂಡ ಬೆಟ್ಟಸಾಲು ಕಡವೆ, ಚುಕ್ಕೆಜಿಂಕೆ, ಕಾಡುಕುರಿಗಳಿಗೆ ಆಸರೆಯಾಗಿದ್ದರೆ, ಬಯಲುಸೀಮೆಯ ತೆರೆದ ಹುಲ್ಲುಮಾಳಗಳು ಕೃಷ್ಣಮೃಗದ ತವರಾಗಿದ್ದವು. ಪ್ರಾಣಿಶಾಸ್ತ್ರದ ಪ್ರಕಾರ ಕೃಷ್ಣಮೃಗವು ಜಿಂಕೆಯ ಕುಲಕ್ಕೆ ಸೇರಿದ್ದಲ್ಲ. ಕಡವೆ ಮತ್ತು ಚುಕ್ಕೆಜಿಂಕೆಗಳ ಕವಲುಕೊಂಬು ಕಾಲಕಾಲಕ್ಕೆ ಉದುರಿ ಮತ್ತೆ ಮೂಡುತ್ತದೆ, ಕೃಷ್ಣಮೃಗದ ತಿರುಚುಕೊಂಬು ಬದುಕಿರುವವರೆಗೂ ಉಳಿಯುತ್ತದೆ. ಆದರೂ ಊರಿನ ಮಾತಿನಲ್ಲಿ ಎಲ್ಲವೂ ಜಿಂಕೆಗಳೇ ಆಗಿರುವುದರಿಂದ ಇಲ್ಲಿಯೂ ಆ ರೂಢಿಯನ್ನೇ ಅನುಸರಿಸಲಾಗಿದೆ.

ಬಯಲಿನ ಜಿಂಕೆ ಇಷ್ಟು ಕಾಲ ಉಳಿದು ಬಂದುದಕ್ಕೆ ಮುಖ್ಯ ಕಾರಣ ಕಾವಲುಗಳು, ಅಂದರೆ ಅರಸೊತ್ತಿಗೆಯು ತನ್ನ ದನಗಳ ಮೇವಿಗಾಗಿ ಕಾಯ್ದಿರಿಸಿಕೊಂಡ ಹುಲ್ಲುಗಾವಲುಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (1673–1704) ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ವ್ಯವಸ್ಥಿತವಾದ ಈ ದನದ ಇಲಾಖೆಯು, ಹೈದರನ ಕಾಲದಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಫಿರಂಗಿಗಳನ್ನೂ ಸೈನ್ಯದ ಸಾಮಾನನ್ನೂ ಎಳೆಯುವ ಎತ್ತುಗಳನ್ನು ಒದಗಿಸುವುದು ಅದರ ಉದ್ದೇಶ. ಬೇಸಿಗೆ, ಮಳೆ ಮತ್ತು ಚಳಿಗಾಲಗಳಿಗೆ ಬೇರೆಬೇರೆ ಕಾವಲುಗಳನ್ನು ಗೊತ್ತುಮಾಡಿ, ಮಂದೆಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದುದರಿಂದ, ಉಳುಮೆಯ ನೇಗಿಲು ಈ ನೆಲಕ್ಕೆ ಇಳಿಯಲಿಲ್ಲ. ದನ ಇಲ್ಲದ ತಿಂಗಳುಗಳಲ್ಲಿ ಹುಲ್ಲು ಚಿಗುರಿಕೊಳ್ಳಲು ಬಿಡುವೂ ದೊರೆಯಿತು. ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ನಡೆದುಬಂದ ಕುದುರೆ ಫಾರಂ ಕೂಡ ಇಂಥದೇ ಸೈನಿಕ ಅಗತ್ಯದಿಂದ ಹುಟ್ಟಿದ್ದು. ಯಾರೂ ಜಿಂಕೆಗಾಗಿ ಕಾಯ್ದಿರಿಸದ ನೆಲದಲ್ಲಿ ಜಿಂಕೆ ಬದುಕಿಕೊಂಡಿತೆಂಬುದು ಈ ಸೀಮೆಯ ವನ್ಯಜೀವಿ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ಬೇಟೆಯ ದಾಖಲೆಗಳು ಇದಕ್ಕಿಂತ ಬಹಳ ಹಳೆಯವು. ಕುಣಿಗಲ್ಲಿಗೆ ದಕ್ಷಿಣದಲ್ಲಿರುವ ಮದ್ದೂರು ಸೀಮೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವು, ಗಂಗರ ಇಮ್ಮಡಿ ಬೂತುಗನಿಂದ ಮಣಲೇರನೆಂಬ ವೀರನು ಬೇಡಿ ಪಡೆದ ಕಾಳಿ ಎಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತುದನ್ನು ಹೇಳುತ್ತದೆ. ಬೇಟೆನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ ಸಮಾಜದಲ್ಲಿ ಬೇಟೆಗೆ ಇದ್ದ ಗೌರವವನ್ನು ಬೇರೆ ಸಾಕ್ಷ್ಯದಿಂದ ಸ್ಥಾಪಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಜಿಂಕೆಬೇಟೆಯ ವಿಧಾನಗಳನ್ನು ವಿವರವಾಗಿ ವರ್ಣಿಸುತ್ತದೆ: ಸಾಕಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಹತ್ತಿರಕ್ಕೆ ಸೆಳೆಯುವುದು, ಪಳಗಿಸಿದ ಸಿವಂಗಿಯನ್ನು, ಅಂದರೆ ಚೀತಾವನ್ನು, ಹಿಂಡಿನ ಮೇಲೆ ಬಿಡುವುದು ಇವುಗಳಲ್ಲಿ ಸೇರಿವೆ. ಸಿವಂಗಿಬೇಟೆಯು ಮೈಸೂರಿನ ಅರಮನೆಯಲ್ಲಿ ಹದಿನೆಂಟನೆಯ ಶತಮಾನದ ಕೊನೆಯವರೆಗೂ ಬಂದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿವಂಗಿಗಳು ಇಂಗ್ಲಿಷರ ಕೈಸೇರಿ, ಆರ್ಥರ್ ವೆಲ್ಲೆಸ್ಲಿಯ ವಿನೋದಕ್ಕೆ ಒದಗಿದವು. ಹಿಡಿದ ಜಿಂಕೆಯನ್ನು ಸಿವಂಗಿಯ ಬಾಯಿಂದ ಬಿಡಿಸಲು ಪಾಲಕನು ಅದಕ್ಕೆ ರಕ್ತವನ್ನೋ ಒಂದು ತುಂಡು ಮಾಂಸವನ್ನೋ ಮೊದಲು ಕೊಡಬೇಕಾಗಿತ್ತು. ಬೇಟೆಯಲ್ಲಿ ಮೊದಲ ಪಾಲು ಪ್ರಾಣಿಯದೇ ಆಗಿತ್ತು.

ಅರಮನೆಯ ಈ ವೈಭವವು ಹಳ್ಳಿಯ ಬೇಟೆಯನ್ನು ಮರೆಮಾಡಬಾರದು. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಂಥ ಪಾಳೆಯಪಟ್ಟುಗಳಲ್ಲಿ, ಅಂದರೆ ಅರಸನಿಗೆ ಕಪ್ಪ ಸಲ್ಲಿಸಿ ಸ್ವಂತ ಪಡೆಯನ್ನಿಟ್ಟುಕೊಂಡು ಸೀಮೆಯನ್ನಾಳುತ್ತಿದ್ದ ನಾಯಕರ ನೆಲೆಗಳಲ್ಲಿ, ಬೇಟೆಯು ಪಡೆಯ ತಾಲೀಮೂ ಆಗಿತ್ತು. ಪಾಳೇಗಾರರ ಕಾಲಾಳುಗಳಾಗಿ ಹೆಸರಾದ ಬೇಡರಿಗೆ ಅದು ಕುಲವೃತ್ತಿಯೂ ಹೌದು. ಸೈನಿಕ ಕಸುಬು ಹೋದ ಮೇಲೆ ಬೇಟೆಯು ಬೇಸಾಯದ ಬಿಡುವಿನ ಕೆಲಸವಾಗಿ ಉಳಿಯಿತು. ಹೊಲದಂಚಿನ ದಾರಿಗೆ ಬಲೆ ಕಟ್ಟಿ, ಊರಿನ ಗಂಡಸರೆಲ್ಲ ಸಾಲಾಗಿ ನಿಂತು, ತಮಟೆ ಬಡಿದು ಕೂಗುಹಾಕುತ್ತ ಪ್ರಾಣಿಗಳನ್ನು ಬಲೆಯತ್ತ ಸೋವುವುದು ಒಂದು ಬಗೆ. ಪಳಗಿದ ಎತ್ತಿನ ಮರೆಯಲ್ಲಿ ಹೆಜ್ಜೆಹೆಜ್ಜೆಯಾಗಿ ಹಿಂಡಿನ ಬಳಿ ಸಾರುವುದು ಇನ್ನೊಂದು ಬಗೆ, ಏಕೆಂದರೆ ಬಯಲಿನ ಜಿಂಕೆ ಮನುಷ್ಯನನ್ನು ಕಂಡು ಓಡುತ್ತದೆಯೇ ಹೊರತು ಮೇಯುವ ದನವನ್ನು ಕಂಡು ಬೆದರುವುದಿಲ್ಲ. ಹಳೆ ಮೈಸೂರಿನ ಈ ಭಾಗದಲ್ಲಿ ಬೇಟೆಗೆ ಒಂದು ಗೊತ್ತಾದ ಕಾಲವೂ ಇತ್ತು. ಸುಗ್ಗಿ ಮುಗಿದು, ಮುಂಗಾರಿಗೆ ಇನ್ನೂ ಬಿಡುವಿರುವ ಯುಗಾದಿಯ ದಿನಗಳಲ್ಲಿ ಊರೇ ಹೊರಡುತ್ತಿದ್ದ ಯುಗಾದಿ ಬೇಟೆಯು, ಹಬ್ಬದ ಮರುದಿನ ಬರುವ ಹೊಸತೊಡಕಿನ ಬಾಡೂಟಕ್ಕೆ ಒದಗುತ್ತಿತ್ತು.

ಬಿದ್ದ ಪ್ರಾಣಿಯ ಮಾಂಸವನ್ನು ಏನು ಮಾಡಬೇಕೆಂಬುದು ಒಬ್ಬ ಬೇಟೆಗಾರನ ತೀರ್ಮಾನವಾಗಿರಲಿಲ್ಲ. ಗಂಡು ಕೃಷ್ಣಮೃಗದ ತೂಕ ಸಾಮಾನ್ಯವಾಗಿ 35ರಿಂದ 40 ಕಿಲೋ, ದೊಡ್ಡ ಗಂಡು ಕಡವೆಯದು 200 ಕಿಲೋ ಮೀರಬಲ್ಲದು. ಮೊದಲನೆಯದು ಕೆಲವು ಮನೆಗಳ ಒಂದು ಊಟ, ಎರಡನೆಯದು ಇಡೀ ಕೇರಿಯ ಪಾಲು. ಬಿಸಿಲಿನ ನಾಡಿನಲ್ಲಿ ಹಸಿಮಾಂಸ ಒಂದು ದಿನವೂ ಉಳಿಯದಿರುವಾಗ ಹಂಚಿಕೊಳ್ಳುವುದು ಔದಾರ್ಯಕ್ಕಿಂತ ಹೆಚ್ಚಾಗಿ ವಿವೇಕವಾಗಿತ್ತು. ಇಂದು ಕೊಟ್ಟವನಿಗೆ ನಾಳೆ ಇನ್ನೊಬ್ಬನ ಬೇಟೆಯಿಂದ ಪಾಲು ಬರುತ್ತಿತ್ತು. ಮಾಂಸವನ್ನು ಎಲೆಗಳ ಮೇಲೆ ಸಮನಾದ ರಾಶಿಗಳಾಗಿ ಇಡುವ ಗುಡ್ಡೆಯ ಪದ್ಧತಿಯು ಈ ನ್ಯಾಯದ ಕಣ್ಣಿಗೆ ಕಾಣುವ ರೂಪ: ತೊಡೆ, ಪಕ್ಕೆ, ಈಲಿ, ಮೂಳೆ ಎಲ್ಲವೂ ಪ್ರತಿ ಗುಡ್ಡೆಯಲ್ಲಿಯೂ ಸ್ವಲ್ಪಸ್ವಲ್ಪ ಇರಬೇಕು, ಒಬ್ಬನಿಗೆ ಬರೀ ಮೆತ್ತನೆಯ ಭಾಗ, ಇನ್ನೊಬ್ಬನಿಗೆ ಬರೀ ಮೂಳೆ ಸಲ್ಲದು.

ಪಾಲಾಗಿ ಬಂದ ಮಾಂಸದ ಗುಣವೇ ಅಡುಗೆಯ ಕ್ರಮವನ್ನು ನಿರ್ಧರಿಸುತ್ತಿತ್ತು. ಜಿಂಕೆಯ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಆದ್ದರಿಂದ ಅದು ಬೇಗ ಒಣಗುತ್ತದೆ, ಬರಿಯ ಬೆಂಕಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ನಾರಾಗುತ್ತದೆ. ಮೂಳೆಯಿರುವ ತುಂಡುಗಳನ್ನು ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ತೆಂಗಿನಕಾಯಿ ಅರೆದ ಖಾರದೊಡನೆ ಸಾರು ಮಾಡಿ ರಾಗಿಮುದ್ದೆಗೆ ಒದಗಿಸುವುದೂ, ಈಲಿಯನ್ನು ಅಂದೇ ಕೆಂಡದಲ್ಲಿ ಸುಟ್ಟು ತಿನ್ನುವುದೂ, ಮಿಕ್ಕ ಮೆತ್ತನೆಯ ಮಾಂಸವನ್ನು ಉದ್ದುದ್ದಕ್ಕೆ ಸೀಳಿ, ಉಪ್ಪು ಅರಿಶಿನ ಸವರಿ, ಹಗ್ಗದ ಮೇಲೆ ಬಿಸಿಲಿಗೆ ಹಾಕುವುದೂ ಈ ಗುಣಕ್ಕೆ ತಕ್ಕ ಉಪಾಯಗಳೇ. ಕೊಬ್ಬಿಲ್ಲದ ಮಾಂಸ ಕಮಟುವುದಿಲ್ಲವಾದ್ದರಿಂದ ಹೀಗೆ ಒಣಗಿಸಿದ ಬಾಡು ಮಳೆಗಾಲದವರೆಗೂ ಉಳಿದು, ಹುರುಳಿಯೊಡನೆಯೋ ಅವರೆಯೊಡನೆಯೋ ಬೆಂದು, ತರಕಾರಿ ಇಲ್ಲದ ದಿನಗಳನ್ನು ಸಾಗಿಸುತ್ತಿತ್ತು. ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಕಾಣುವ, ಶೂಲಕ್ಕೆ ಚುಚ್ಚಿ ಕೆಂಡದ ಮೇಲೆ ಬೇಯಿಸುವ ಮಾಂಸದ ಅಡುಗೆಗಳಿಗೂ ಹಳ್ಳಿಯ ಈ ಸುಟ್ಟ ಈಲಿಗೂ ಅಂತರವಿರುವುದು ಮಸಾಲೆಯಲ್ಲಿ ಮಾತ್ರ.

ಎಲ್ಲರೂ ಇದನ್ನು ಉಣ್ಣುತ್ತಿರಲಿಲ್ಲವೆಂಬುದನ್ನೂ ಹೇಳಬೇಕು. ಎಡೆಯೂರಿನ ಸಿದ್ಧಲಿಂಗೇಶ್ವರ, ಗುಬ್ಬಿಯ ಚನ್ನಬಸವೇಶ್ವರ, ತುಮಕೂರಿನ ಸಿದ್ಧಗಂಗೆ ಇವುಗಳ ಸುತ್ತ ಬೆಳೆದ ಲಿಂಗಾಯತ ಪರಂಪರೆಯು ಮಾಂಸವನ್ನು ದೂರವಿಟ್ಟಿತು. ಆದರೆ ಉಪನಯನದ ಜನಿವಾರಕ್ಕೆ ಕಟ್ಟುವ ಕೃಷ್ಣಾಜಿನದ ತುಂಡು, ಜಪಕ್ಕೆ ಹಾಸುವ ಜಿಂಕೆಯ ಚರ್ಮ ಇವು ಮಾಂಸ ಮುಟ್ಟದ ಬ್ರಾಹ್ಮಣರ ಮನೆಯೊಳಕ್ಕೂ ಆ ಪ್ರಾಣಿಯನ್ನು ತಂದಿದ್ದವು.

ಇಪ್ಪತ್ತನೆಯ ಶತಮಾನವು ಈ ವ್ಯವಸ್ಥೆಯನ್ನು ಎರಡು ಕಡೆಯಿಂದ ಮುರಿಯಿತು. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆ ಮತ್ತು ಮೀನುಗಳ ಸಂರಕ್ಷಣೆಯ ಕಾಯಿದೆಯನ್ನು ತಂದು, ಊರಿನ ರೂಢಿಯಾಗಿದ್ದ ಬೇಟೆಯನ್ನು ಸರ್ಕಾರದ ಅಪ್ಪಣೆಗೆ ಒಳಪಡಿಸಿತು. ಇನ್ನೊಂದು ಕಡೆ, ಲಾರಿ ಮತ್ತು ಟ್ರ್ಯಾಕ್ಟರುಗಳ ಕಾಲದಲ್ಲಿ ಬಂಡಿ ಎಳೆಯುವ ಎತ್ತಿನ ಅಗತ್ಯ ಕುಗ್ಗಿದಂತೆ ಕಾವಲುಗಳು ಸಾಗುವಳಿಗೆ, ನೀಲಗಿರಿ ನೆಡುತೋಪುಗಳಿಗೆ, ಕಟ್ಟಡಗಳಿಗೆ ಹಂಚಿಹೋದವು. ಸ್ವಾತಂತ್ರ್ಯದ ನಂತರ ಜೀಪು ಮತ್ತು ತೀಕ್ಷ್ಣವಾದ ದೀಪ ಹಿಡಿದು ರಾತ್ರಿ ನಡೆಸಿದ ಬೇಟೆಯ ಹಾನಿಯನ್ನು ಕಡೆಗಣಿಸುವಂತಿಲ್ಲ. ಆದರೆ ಜಿಂಕೆ ಮರೆಯಾದುದಕ್ಕೆ ಹಳ್ಳಿಯವನ ಬಲೆಯನ್ನು ಮೊದಲ ಕಾರಣವೆನ್ನುವುದು ನ್ಯಾಯವಲ್ಲ. ಶತಮಾನಗಳ ಬಲೆಬೇಟೆಯನ್ನು ತಾಳಿಕೊಂಡ ಹಿಂಡುಗಳು ಹುಲ್ಲಿನ ನಾಶವನ್ನು ತಾಳಿಕೊಳ್ಳಲಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಆರಂಭವಾದ ನೆಲ 615 ಎಕರೆ. ಅದರ ಹೆಸರು ಇಂದಿಗೂ ಬಿದರೆಹಳ್ಳ ಕಾವಲ್.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗವನ್ನು ಮೊದಲ ಅನುಸೂಚಿಗೆ ಸೇರಿಸಿತು. ಅದರ ಬೇಟೆಗೆ ಮೂರರಿಂದ ಏಳು ವರ್ಷಗಳ ಸೆರೆವಾಸವಿದೆ. ಮಾಂಸದ ಪ್ರಶ್ನೆಗೂ ಅದೇ ಕಾಯಿದೆಯ 39ನೆಯ ಕಲಮು ಉತ್ತರ ಕೊಡುತ್ತದೆ: ಕಾಡುಪ್ರಾಣಿಯ ಮಾಂಸವು ರಾಜ್ಯ ಸರ್ಕಾರದ ಸ್ವತ್ತು, ಅದನ್ನು ಇಟ್ಟುಕೊಳ್ಳುವುದೂ ಕೊಡುವುದೂ ಅಪರಾಧ. ಒಂದು ಕಾಲದಲ್ಲಿ ಎಲೆಯ ಮೇಲೆ ಗುಡ್ಡೆಯಾಗುತ್ತಿದ್ದುದು ಈಗ ಮೊಹರು ಹಾಕಿದ ಮಾದರಿಯಾಗಿ ಪ್ರಯೋಗಾಲಯಕ್ಕೆ ಹೋಗುತ್ತದೆ, ಯಾವ ಪ್ರಾಣಿಯದೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿಯಲು. ಹೊಸತೊಡಕಿನ ಬೆಳಿಗ್ಗೆ ಈ ಸೀಮೆಯ ಹಳ್ಳಿಗಳಲ್ಲಿ ಗುಡ್ಡೆ ಬಾಡು ಇಂದಿಗೂ ಬೀಳುತ್ತದೆ. ಹಲವು ಮನೆಯವರು ಮೊದಲೇ ಹಣ ಕೂಡಿಸಿ ತಂದ ಕುರಿ, ಮೇಕೆಗಳ ಮಾಂಸವದು, ಹಂಚುವ ಕ್ರಮ ಮಾತ್ರ ಹಿಂದಿನದೇ.

ಜಿಲ್ಲೆಯಲ್ಲಿ ಕೃಷ್ಣಮೃಗದ ದೊಡ್ಡ ಹಿಂಡುಗಳನ್ನು ಈಗ ಕಾಣಬಹುದಾದುದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ. ಅಲ್ಲಿನ ಸುಮಾರು 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದರ ನಡುವೆಯೂ ಅಲ್ಲಲ್ಲಿ ನೀಲಗಿರಿ ನಿಂತಿದೆ. ಹಿಂಡುಗಳು ಈ ಗಡಿಯನ್ನು ದಾಟಿ ಸುತ್ತಲಿನ ರಾಗಿ, ಕಡಲೆಕಾಯಿ ಹೊಲಗಳಿಗೆ ಇಳಿಯುತ್ತವೆ, ಬೆಳೆ ಕಳೆದುಕೊಂಡ ರೈತರು ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕುತ್ತಾರೆ.