ಹಳೆಯ ಕಾರುಗಳ ಡ್ರಮ್ ಬ್ರೇಕ್ ಮರುಜೋಡಣೆ

ಡ್ರಮ್ ಬ್ರೇಕ್ ಮರುಜೋಡಣೆ ಎಂದರೆ ವಾಹನದ ಚಕ್ರದೊಳಗಿನ ಬ್ರೇಕಿನ ಭಾಗಗಳನ್ನು ಬಿಚ್ಚಿ, ಶುಚಿಗೊಳಿಸಿ, ಸವೆದವುಗಳನ್ನು ಬದಲಾಯಿಸಿ, ಅವುಗಳ ಮೂಲ ಸ್ಥಾನದಲ್ಲಿಯೇ ಮತ್ತೆ ಕೂಡಿಸುವ ಕೆಲಸ. ಭಾರತದಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಹಿಂದೂಸ್ತಾನ್ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್‌ಗಳಿದ್ದವು. ಈ ಬ್ರೇಕಿನಲ್ಲಿ ಒಂದು ಭಾಗವನ್ನು ತಿರುವುಮುರುವಾಗಿ ಕೂಡಿಸಿದರೂ ಅದರ ಹಿಡಿತ ಕುಗ್ಗುತ್ತದೆ. ಆದುದರಿಂದ ಜೋಡಣೆಯ ಕ್ರಮಕ್ಕೆ ವಿಶೇಷ ಮಹತ್ವವಿದೆ.

ಇತಿಹಾಸ

ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ಡ್ರಮ್ ಬ್ರೇಕಿಗೆ ಖಚಿತ ರೂಪ ಕೊಟ್ಟನು. ಆರಂಭದಲ್ಲಿ ಸರಳುಗಳಿಂದಲೂ ತಂತಿಗಳಿಂದಲೂ ಎಳೆಯಲ್ಪಡುತ್ತಿದ್ದ ಬ್ರೇಕ್‌ಗಳು ಮುಂದೆ ದ್ರವದ ಒತ್ತಡದಿಂದ ಕೆಲಸ ಮಾಡತೊಡಗಿದವು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಅಂಬಾಸಿಡರ್, ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು.

ರಚನೆ ಮತ್ತು ಕಾರ್ಯವಿಧಾನ

ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ಬೋಗುಣಿಯಾಕಾರದ ಭಾಗವೇ ಡ್ರಮ್. ಅದರೊಳಗೆ ತಿರುಗದ ತಟ್ಟೆಯೊಂದಿದ್ದು, ಅದರ ಮೇಲೆ ಅರ್ಧಚಂದ್ರಾಕಾರದ ಎರಡು ಶೂಗಳು ಕುಳಿತಿರುತ್ತವೆ. ಶೂಗಳ ಹೊರಮೈಗೆ ಲೈನರ್ ಅಂಟಿಸಿರುತ್ತದೆ ಅಥವಾ ರಿವೆಟ್ ಮಾಡಿರುತ್ತದೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಬಂದ ಬ್ರೇಕ್ ಆಯಿಲ್ ಚಕ್ರದ ಸಿಲಿಂಡರಿನ ಪಿಸ್ಟನ್‌ಗಳನ್ನು ಹೊರಕ್ಕೆ ದೂಡುತ್ತದೆ. ಆಗ ಶೂಗಳು ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಪೆಡಲ್ ಬಿಟ್ಟಾಗ ಸ್ಪ್ರಿಂಗ್‌ಗಳು ಅವುಗಳನ್ನು ಹಿಂದಕ್ಕೆ ಎಳೆಯುತ್ತವೆ.

ತಿರುಗುವ ಡ್ರಮ್ ಯಾವ ಶೂವಿನ ಪಿಸ್ಟನ್ ತುದಿಯನ್ನು ಮೊದಲು ದಾಟಿ, ಅನಂತರ ಆಧಾರದ ತುದಿಯನ್ನು ತಲುಪುತ್ತದೆಯೋ ಆ ಶೂ 'ಲೀಡಿಂಗ್ ಶೂ'. ಡ್ರಮ್ಮಿನ ತಿರುಗುವಿಕೆಯೇ ಅದನ್ನು ಮತ್ತಷ್ಟು ಒಳಗೆ ಸೆಳೆದು ಹಿಡಿತವನ್ನು ಹೆಚ್ಚಿಸುತ್ತದೆ. ಇನ್ನೊಂದು 'ಟ್ರೇಲಿಂಗ್ ಶೂ'. ಅದರ ಹಿಡಿತ ಕಡಿಮೆ. ಹಳೆಯ ಕಾರುಗಳ ಮುಂಚಕ್ರಗಳಲ್ಲಿ ಎರಡೂ ಶೂಗಳು ಲೀಡಿಂಗ್ ಆಗುವಂತೆ ಎರಡು ಸಿಲಿಂಡರ್‌ಗಳನ್ನು ಇರಿಸುವ ಪದ್ಧತಿಯಿತ್ತು. ಇಂತಹ ಬ್ರೇಕ್ ಮುಂದಕ್ಕೆ ಚಲಿಸುವಾಗ ಬಲವಾಗಿ ಹಿಡಿಯುತ್ತದೆ, ಹಿಂದಕ್ಕೆ ಚಲಿಸುವಾಗ ದುರ್ಬಲವಾಗುತ್ತದೆ.

ಜೋಡಣೆಯ ಕ್ರಮ

1. ಸಮತಟ್ಟಾದ ನೆಲದಲ್ಲಿ ಕಾರನ್ನು ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಕೇವಲ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೆಲಸ ಮಾಡುವುದು ಅಪಾಯಕರ.

2. ಒಂದು ಬಾರಿಗೆ ಒಂದೇ ಚಕ್ರವನ್ನು ಬಿಚ್ಚಬೇಕು. ಅದೇ ಆ್ಯಕ್ಸಲ್ಲಿನ ಇನ್ನೊಂದು ಬದಿ ಕನ್ನಡಿಯ ಪ್ರತಿಬಿಂಬದಂತಿದ್ದು ನೋಡಿ ಜೋಡಿಸಲು ಮಾದರಿಯಾಗುತ್ತದೆ. ಲೈನರಿನ ಉದ್ದ, ಸ್ಪ್ರಿಂಗಿನ ಬಣ್ಣ ಮತ್ತು ಕೊಕ್ಕೆಗಳ ರಂಧ್ರಗಳನ್ನು ಮೊದಲೇ ಗುರುತಿಸಿಕೊಳ್ಳಬೇಕು.

3. ಸಿಲಿಂಡರಿನ ರಬ್ಬರ್ ಮುಚ್ಚಳದೊಳಗೆ ಒದ್ದೆ ಕಂಡರೆ ಸಿಲಿಂಡರನ್ನು ದುರಸ್ತಿ ಮಾಡಬೇಕು ಅಥವಾ ಬದಲಾಯಿಸಬೇಕು. ರಬ್ಬರ್ ಭಾಗಗಳನ್ನು ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ತೊಳೆಯಬಾರದು. ಅವು ಉಬ್ಬಿ ಕೆಡುತ್ತವೆ.

4. ಶೂಗಳು ತಟ್ಟೆಗೆ ಉಜ್ಜುವ ಸ್ಥಳಗಳಿಗೆ ಮಾತ್ರ ಶಾಖ ತಡೆಯುವ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಲೈನರಿಗೆ ಗ್ರೀಸ್ ತಾಗಿದರೆ ಕಾರು ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆಯುತ್ತದೆ. ಲೈನರ್‌ಗಳನ್ನು ಒಂದೇ ಆ್ಯಕ್ಸಲ್ಲಿನ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಾಯಿಸಬೇಕು.

5. ಅಡ್ಜಸ್ಟರನ್ನು ಪೂರ್ಣ ಸಡಿಲಿಸಿ ಡ್ರಮ್ ಏರಿಸಬೇಕು. ಬಳಿಕ ಚಕ್ರ ತಿರುಗದಂತಾಗುವವರೆಗೆ ಬಿಗಿ ಮಾಡಿ, ಮುಕ್ತವಾಗಿ ತಿರುಗುವವರೆಗೆ ಸ್ವಲ್ಪ ಸಡಿಲಿಸಬೇಕು. ಹ್ಯಾಂಡ್ ಬ್ರೇಕಿನ ತಂತಿಯನ್ನು ಇದಾದ ಮೇಲೆಯೇ ಸರಿಪಡಿಸಬೇಕು.

6. ದ್ರವದ ಕೊಳವೆ ಬಿಚ್ಚಿದ್ದರೆ ಗಾಳಿ ತೆಗೆಯುವುದು ಅವಶ್ಯ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಇದನ್ನು ಆರಂಭಿಸುತ್ತಾರೆ. ಪೆಡಲ್ ಮೆತ್ತಗಿದ್ದರೆ ಗಾಳಿ ಇನ್ನೂ ಉಳಿದಿರುವ ಸಂಭವವಿದೆ.

ಪ್ರಾದೇಶಿಕ ಸನ್ನಿವೇಶ

ವಿಜಯಪುರ ನಗರದ ಪಶ್ಚಿಮಕ್ಕಿರುವ ತಿಕೋಟಾ ಹಾಗೂ ನೈಋತ್ಯಕ್ಕಿರುವ ಬಬಲೇಶ್ವರದ ಸುತ್ತಮುತ್ತ ಎರೆಭೂಮಿ ಹೆಚ್ಚು. ಬೇಸಿಗೆಯಲ್ಲಿ ಅದರ ಧೂಳು ಡ್ರಮ್ಮಿನೊಳಗೆ ಸೇರಿ ಲೈನರನ್ನು ಸವೆಸುತ್ತದೆ. ಮಳೆಗಾಲದಲ್ಲಿ ಅಂಟುವ ಕೆಸರು ಅಡ್ಜಸ್ಟರುಗಳನ್ನು ಬಿಗಿಹಿಡಿಸುತ್ತದೆ. ಡೋಣಿ ನದಿಯ ಅಥವಾ ಹಳ್ಳದ ನೀರಿನಲ್ಲಿ ಸಾಗಿದ ಕಾರಿನ ಡ್ರಮ್ ಒದ್ದೆಯಾದರೆ ಬ್ರೇಕ್ ತಾತ್ಕಾಲಿಕವಾಗಿ ಹಿಡಿಯುವುದಿಲ್ಲ. ನೀರು ದಾಟಿದ ಬಳಿಕ ನಿಧಾನವಾಗಿ ಚಲಿಸುತ್ತ, ಪೆಡಲನ್ನು ಹಗುರವಾಗಿ ಪುನಃಪುನಃ ಒತ್ತಿ ಲೈನರನ್ನು ಒಣಗಿಸುವುದು ರೂಢಿ.

ಸುರಕ್ಷತೆ

ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಆದುದರಿಂದ ಧೂಳನ್ನು ಬಾಯಿಯಿಂದಾಗಲಿ ಗಾಳಿಯಂತ್ರದಿಂದಾಗಲಿ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಅನೇಕ ಹಳೆಯ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದ್ರವಮಾರ್ಗವಿರುವುದರಿಂದ ಒಂದು ಕಡೆಯ ಸೋರಿಕೆಯೂ ಪೆಡಲ್ ಬ್ರೇಕನ್ನು ಸಂಪೂರ್ಣ ನಿಷ್ಫಲಗೊಳಿಸಬಲ್ಲದು. ಜೋಡಣೆಯ ನಂತರ ಪೆಡಲನ್ನು ಬಲವಾಗಿ ಒತ್ತಿ ಹಿಡಿದು ಸೋರಿಕೆ ಪರೀಕ್ಷಿಸಬೇಕು. ಆಮೇಲೆ ಜನಸಂಚಾರವಿಲ್ಲದ ಸಮತಟ್ಟಾದ ಜಾಗದಲ್ಲಿ ನಿಧಾನ ವೇಗದಲ್ಲಿ ಪರೀಕ್ಷಿಸಿಯೇ ಕಾರನ್ನು ರಸ್ತೆಗೆ ಇಳಿಸಬೇಕು. ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ಹಿಡಿತ ಕಡಿಮೆ ಇರುತ್ತದೆ. ಹೊಂದಿಕೊಂಡ ಬಳಿಕ ಅಡ್ಜಸ್ಟರನ್ನು ಮತ್ತೊಮ್ಮೆ ಸರಿಪಡಿಸುವುದು ಅಗತ್ಯ.