ಬ್ಯಾಂಡಿನವರ ಹಾಡು, ಸ್ವತಂತ್ರ ಚಿತ್ರದ ತೆರೆ: 'ನಾಚೊಂಯಾ ಕುಂಪಾಸಾರ್' ಮತ್ತು ನಮ್ಮ ಗಾಯನ ಮಂಡಳಿಗಳು

ನಮ್ಮ ಧರ್ಮಕೇಂದ್ರಗಳ ಯುವಜನರು ಕಟ್ಟಿಕೊಂಡ ಬ್ಯಾಂಡ್‌ಗಳಿಗೂ ಗಾಯನ ಮಂಡಳಿಗಳಿಗೂ "ನಿಮ್ಮ ಹಾಡೊಂದನ್ನು ನಮ್ಮ ಚಿತ್ರಕ್ಕೆ ಕೊಡುತ್ತೀರಾ?" ಎಂಬ ಕೋರಿಕೆ ಬರುವುದುಂಟು. ಕೇಳುವವರು ಹೆಚ್ಚಾಗಿ ಪರಿಚಯದವರೇ. ಕೈಯಿಂದ ಹಣ ಹಾಕಿ ಕಿರುಚಿತ್ರ ಮಾಡುವವರು. ನಾವು ಸಂತೋಷದಿಂದ ಕೊಟ್ಟುಬಿಡುತ್ತೇವೆ. ಚಿತ್ರ ಮುಗಿದ ಮೇಲೆ ತೆರೆಯಲ್ಲಿ ನಮ್ಮವರ ಹೆಸರು ಹುಡುಕುತ್ತಾ ಕೂರುತ್ತೇವೆ. ಇಂಥ ಕೋರಿಕೆ ಬಂದಾಗ ನೆನಪಿಡಬೇಕಾದ ಕೊಂಕಣಿ ಚಿತ್ರವೊಂದಿದೆ.

ಬಾರ್ದ್ರಾಯ್ ಬಾರೆಟ್ಟೊ ನಿರ್ದೇಶಿಸಿದ 'ನಾಚೊಂಯಾ ಕುಂಪಾಸಾರ್' ಚಿತ್ರಕ್ಕೆ 2014ರ ಸಾಲಿನ, ಅಂದರೆ 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮೂರು ಮನ್ನಣೆಗಳು ದೊರೆತವು. ಉತ್ತಮ ಕೊಂಕಣಿ ಚಿತ್ರ, ನಿರ್ಮಾಣ ವಿನ್ಯಾಸಕ್ಕಾಗಿ ಅಪರ್ಣಾ ರೈನಾ, ಅಭಿನಯಕ್ಕಾಗಿ ಪಾಲೊಮಿ ಘೋಷ್ ಅವರಿಗೆ ವಿಶೇಷ ಉಲ್ಲೇಖ. ಹೆಸರಿನ ಅರ್ಥ 'ತಾಳಕ್ಕೆ ಸರಿಯಾಗಿ ಕುಣಿಯೋಣ' ಎಂದು. ಕುಂಪಾಸ್ ಎಂಬುದು ಪೋರ್ಚುಗೀಸಿನ 'ಕೊಂಪಾಸೊ' ಪದದಿಂದ ಬಂದದ್ದು. ಸಂಗೀತದಲ್ಲಿ ಅದಕ್ಕೆ ತಾಳದ ಅಳತೆ ಎಂದರ್ಥ. ಚಿತ್ರಕ್ಕೆ ದೊಡ್ಡ ನಿರ್ಮಾಣ ಸಂಸ್ಥೆಯ ಬೆಂಬಲವಿರಲಿಲ್ಲ. ಸ್ನೇಹಿತರೂ ಅಭಿಮಾನಿಗಳೂ ಸೇರಿಸಿದ ಹಣವೇ ಆಧಾರ. (ಕನ್ನಡದಲ್ಲಿ 2013ರ 'ಲೂಸಿಯಾ' ಸಹ ಜನರಿಂದಲೇ ಹಣ ಕೂಡಿಸಿ ತಯಾರಾದದ್ದು ಓದುಗರಿಗೆ ನೆನಪಿರಬಹುದು.)

ಚಿತ್ರದ ಬೆನ್ನೆಲುಬು 1960 ಮತ್ತು 70ರ ದಶಕಗಳ 20 ಜನಪ್ರಿಯ ಕೊಂಕಣಿ ಹಾಡುಗಳು. ಕಥೆಯನ್ನು ಮೊದಲು ಬರೆದು ಹಾಡುಗಳನ್ನು ನಡುವೆ ತುರುಕಿದಂತೆ ಅಲ್ಲಿ ಕಾಣುವುದಿಲ್ಲ. ಹಾಡುಗಳನ್ನು ಸಾಲಾಗಿ ಇಟ್ಟು ಅವುಗಳ ಮೂಲಕವೇ ಕಥೆ ಹೇಳಿದಂತಿದೆ. ಲಾರಿ ಎಂಬ ಬ್ಯಾಂಡ್ ನಾಯಕ, ಡೋನಾ ಎಂಬ ಗಾಯಕಿ ಇದರ ಪಾತ್ರಗಳು. ವಿಜಯ್ ಮೌರ್ಯ ಮತ್ತು ಪಾಲೊಮಿ ಘೋಷ್ ನಟಿಸಿದ್ದಾರೆ. ಇವರ ಹಿಂದೆ ಇರುವವರು ಕಹಳೆ ವಾದಕ ಕ್ರಿಸ್ ಪೆರಿ ಮತ್ತು ಗಾಯಕಿ ಲೋರ್ನಾ ಎಂಬುದು ಕೊಂಕಣಿ ಬಲ್ಲವರಿಗೆಲ್ಲ ಗೊತ್ತು. ಮಡಗಾಂವ್‌ನ ಕ್ರಿಸ್ ಪೆರಿ (1928–2002) ಮುಂಬಯಿಯ ಚರ್ಚ್‌ಗೇಟ್ ಪರಿಸರದ ನೈಟ್‌ಕ್ಲಬ್ಬುಗಳಲ್ಲಿ ಜಾಝ್ ನುಡಿಸಿದವರು. ಅದೇ ಜಾಝ್‌ನ ಲಯವನ್ನು ಕೊಂಕಣಿಗೆ ತಂದವರು. ಅವರ ಬ್ಯಾಂಡಿನೊಡನೆ ಹಾಡಿದ ಲೋರ್ನಾ ಆಮೇಲೆ ವರ್ಷಾನುಗಟ್ಟಲೆ ಮೌನವಾಗಿದ್ದು, 1995ರಲ್ಲಿ ಮತ್ತೆ ವೇದಿಕೆ ಏರಿದರು. ಆ ಹಾಡುಗಳು ಗೋವಾದಲ್ಲಿ ಮಾತ್ರ ಉಳಿಯಲಿಲ್ಲ. ನಮ್ಮ ಕರಾವಳಿಯ ರೋಸ್ ಮತ್ತು ಮದುವೆಯ ಚಪ್ಪರಗಳಲ್ಲೂ ಅವುಗಳನ್ನು ನುಡಿಸಿದ್ದಾರೆ.

ಆದರೆ ಈ ಬ್ಯಾಂಡಿನವರು ಸಂಗೀತ ಕಲಿತದ್ದು ಎಲ್ಲಿ? ನೈಟ್‌ಕ್ಲಬ್ಬಿನಲ್ಲಂತೂ ಅಲ್ಲ, ಇಗರ್ಜಿಯಲ್ಲಿ. ಪೋರ್ಚುಗೀಸರ ಕಾಲದಿಂದ ಗೋವಾದ ಧರ್ಮಕೇಂದ್ರಗಳಿಗೆ ಸೇರಿದ ಶಾಲೆಗಳಲ್ಲಿ ಮೆಸ್ತ್ರಿ ಎಂಬ ಸಂಗೀತ ಶಿಕ್ಷಕರು ಮಕ್ಕಳಿಗೆ ಸ್ವರಲಿಪಿ ಓದಲು, ಪಿಟೀಲು ನುಡಿಸಲು ಕಲಿಸುತ್ತಿದ್ದರು. ಬಲಿಪೂಜೆಗೆ, ಲಾದಿನ್‌ಗೆ, ಊರ ಹಬ್ಬಕ್ಕೆ ವಾದಕರು ಬೇಕಾಗುತ್ತಿದ್ದರು, ಅಷ್ಟೇ. ಬಡ ಮನೆಯ ಹುಡುಗನಿಗೂ ಬಿಟ್ಟಿಯಾಗಿ ಸಿಕ್ಕಿದ ಈ ವಿದ್ಯೆ ಮುಂದೆ ಅನ್ನ ಕೊಟ್ಟಿತು. ಮುಂಬಯಿ ಸೇರಿದ ಗೋವಾದ ಹುಡುಗರು ಹೋಟೆಲ್ ಬ್ಯಾಂಡುಗಳಲ್ಲಿ, ಮೂಕಿ ಚಿತ್ರ ತೋರಿಸುವ ಚಿತ್ರಮಂದಿರಗಳಲ್ಲಿ, ನಂತರ ಹಿಂದಿ ಚಿತ್ರಗಳ ಧ್ವನಿಮುದ್ರಣದಲ್ಲಿ ಕೆಲಸ ಹಿಡಿದರು. ಬರೆದ ಸ್ವರಲಿಪಿಯನ್ನು ನೋಡಿದ ಕೂಡಲೇ ನುಡಿಸಬಲ್ಲವರು ಆಗ ಅಲ್ಲಿ ಕಡಿಮೆ. ಇವರಿಗೆ ಅದು ಚಿಕ್ಕಂದಿನ ಅಭ್ಯಾಸ.

ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್ (1927–2012) ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದವರು. 1977ರ 'ಅಮರ್ ಅಕ್ಬರ್ ಆಂಟನಿ'ಯಲ್ಲಿ ಅಮಿತಾಭ್ ಬಚ್ಚನ್ ತನ್ನ ಹೆಸರೆಂದು ಹೇಳಿಕೊಳ್ಳುವುದು ಈ ಗುರುವಿನ ಹೆಸರನ್ನೇ. ಸೆಬಾಸ್ಟಿಯನ್ ಡಿಸೋಜ ಶಂಕರ್-ಜೈಕಿಶನ್‌ರ ಹಾಡುಗಳಿಗೆ ವಾದ್ಯ ಸಂಯೋಜನೆ ಮಾಡಿದರು. ಚಿಕ್ ಚಾಕೊಲೇಟ್ ಎಂಬ ಹೆಸರಿನ ಕಹಳೆ ವಾದಕ ತನ್ನ ಬ್ಯಾಂಡ್ ಸಮೇತ 1951ರ 'ಅಲ್ಬೇಲಾ'ದ ತೆರೆಯಲ್ಲೇ ಕಾಣುತ್ತಾರೆ. ಇವರೆಲ್ಲ ಹೇಗೋ ನೆನಪಿನಲ್ಲಿ ಉಳಿದವರು. ಇವರ ಹಿಂದೆ ಸಾಲಾಗಿ ಕೂತು ಪಿಟೀಲು, ಸ್ಯಾಕ್ಸೊಫೋನ್ ನುಡಿಸಿದವರು ದಿನದ ಸಂಭಾವನೆ ಪಡೆದು ಮನೆಗೆ ಹೋದರು. ಚಿತ್ರದ ಹೆಸರುಪಟ್ಟಿಯಲ್ಲಿ ಅವರಿಗೆ ಸ್ಥಳವಿರಲಿಲ್ಲ. ಗ್ರೆಗರಿ ಬೂತ್ ಎಂಬ ವಿದ್ವಾಂಸರು 2008ರಲ್ಲಿ, ಪತ್ರಕರ್ತ ನರೇಶ್ ಫೆರ್ನಾಂಡಿಸ್ ನಂತರದ 'ತಾಜ್ ಮಹಲ್ ಫಾಕ್ಸ್‌ಟ್ರಾಟ್' ಕೃತಿಯಲ್ಲಿ ಈ ಸಂಗೀತಗಾರರ ಕಥೆಯನ್ನು ದಾಖಲಿಸಿದ್ದಾರೆ. ಕೊಂಕಣಿಯಲ್ಲೇ ಚಿತ್ರ ತೆಗೆಯುವ ಸಾಹಸವನ್ನು ಇವರಲ್ಲೊಬ್ಬರಾದ ಫ್ರ್ಯಾಂಕ್ ಫೆರ್ನಾಂಡ್ 1963ರ 'ಆಮ್ಚೆಂ ನಶೀಬ್', 1966ರ 'ನಿರ್ಮಣ್' ಚಿತ್ರಗಳಿಂದ ಮಾಡಿದ್ದರು.

ಹೀಗೆ ಹೆಸರಿಲ್ಲದೆ ಹೋದವರಿಗೆ ಸಲ್ಲಿಸಿದ ಗೌರವ ಎಂದೇ ಬಾರೆಟ್ಟೊ ತಮ್ಮ ಚಿತ್ರವನ್ನು ಮುಂದಿಟ್ಟರು. ಅದೇ ಇದರ ನಿಜವಾದ ಬೆಲೆ ಎಂದು ನಮಗೆ ಅನಿಸುತ್ತದೆ. ಕಥೆಯಲ್ಲಿನ ಪ್ರೇಮ ಪ್ರಕರಣದ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಅದು ಬೇರೆ ಚರ್ಚೆ.

ಇನ್ನು ನಮ್ಮ ವಿಚಾರ. ಇಗರ್ಜಿಯಲ್ಲಿ ಹಾಡುವವರು ಹಕ್ಕುಸ್ವಾಮ್ಯದ ಬಗ್ಗೆ ಯೋಚಿಸದಿರಲು ಕಾರಣವಿದೆ. ನೈಜ ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಯಾರದೇ ಹಾಡು ಹಾಡಿದರೂ ಅದು ಹಕ್ಕಿನ ಉಲ್ಲಂಘನೆಯಲ್ಲ ಎಂದು 1957ರ ಕೃತಿಸ್ವಾಮ್ಯ ಕಾಯಿದೆಯೇ ಹೇಳುತ್ತದೆ. ಅದೇ ಹಾಡು ಚಿತ್ರಕ್ಕೆ ಹೋದಾಗ ಈ ರಿಯಾಯಿತಿ ಇಲ್ಲ. ಆಗ ಸಾಹಿತ್ಯ ಬರೆದವರು, ರಾಗ ಹಾಕಿದವರು, ಹಾಡಿದ ಹಾಗೂ ನುಡಿಸಿದವರು, ಧ್ವನಿಮುದ್ರಣ ಮಾಡಿಸಿದವರು ಹೀಗೆ ಒಂದೇ ಹಾಡಿನಲ್ಲಿ ಹಲವರ ಹಕ್ಕು ಇರುತ್ತದೆ. ಬ್ಯಾಂಡಿನ ನಾಯಕ ಫೋನಿನಲ್ಲಿ "ಆಯ್ತು" ಎಂದರೆ ಇವರೆಲ್ಲರ ಒಪ್ಪಿಗೆ ಆದಂತಲ್ಲ. ತೀರಿಕೊಂಡವರ ರಾಗವಾದರೂ ಅವರು ತೀರಿದ 60 ವರ್ಷಗಳವರೆಗೆ ಹಕ್ಕು ಉಳಿದಿರುತ್ತದೆ. ಅದರ ವಾರಸುದಾರರನ್ನು ಕೇಳಬೇಕು.

2012ರ ತಿದ್ದುಪಡಿ ಬರೆದವರ, ರಾಗ ಹಾಕಿದವರ ಪರವಾಗಿದೆ. ಹಾಡನ್ನು ಚಿತ್ರಕ್ಕೆ ಕೊಟ್ಟ ಮೇಲೂ, ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆ ಬಳಕೆಗಳಿಗೆ ಬರುವ ಗೌರವಧನದ ಸಮಪಾಲು ಅವರದೇ. "ನಮಗೆ ಬೇಡ" ಎಂದು ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಹಾಡುಗಾರರಿಗೆ, ವಾದಕರಿಗೆ ಹೆಸರು ಹೇಳಿಸಿಕೊಳ್ಳುವ ಹಕ್ಕು ಇದೆ. ಆದರೆ ಒಂದು ಎಚ್ಚರ: ಚಿತ್ರದಲ್ಲಿ ಪ್ರಾಸಂಗಿಕವಾಗಿ ಮಾತ್ರ ಪಾಲ್ಗೊಂಡ, ಉದ್ಯಮದ ರೂಢಿಯಂತೆ ಹೆಸರುಪಟ್ಟಿಯಲ್ಲಿ ಎಲ್ಲೂ ಬಾರದ ವ್ಯಕ್ತಿಯನ್ನು ಕಾಯಿದೆ ಬಹುಮಟ್ಟಿಗೆ 'ಪ್ರದರ್ಶಕ' ಎಂದೇ ಪರಿಗಣಿಸುವುದಿಲ್ಲ. ಗುಂಪಿನ ಹಿಂದಿನ ಸಾಲಿನ ಹುಡುಗಿಯ ಹೆಸರೂ ಪಟ್ಟಿಯಲ್ಲಿ ಬರಲಿ ಎಂದು ಒತ್ತಾಯಿಸುವುದು ಬರೀ ಅಭಿಮಾನದ ಮಾತಲ್ಲ.

ಆದ್ದರಿಂದ ಹಾಡು ಕೊಡುವ ಮೊದಲು ಒಂದು ಪುಟದ ಪತ್ರವಾದರೂ ಇರಲಿ. ಯಾವ ಹಾಡು, ಯಾವ ಚಿತ್ರ, ಎಷ್ಟು ವರ್ಷ, ಯಾವ ದೇಶಗಳಲ್ಲಿ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಹಕ್ಕು ವರ್ಗಾಯಿಸಿದ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ. ಹಣ ಬೇಡವೆನ್ನುವುದಾದರೆ ಅದನ್ನೂ ಬರೆಯಿರಿ. ಬಡ ನಿರ್ದೇಶಕನಿಗೆ ಉಚಿತವಾಗಿ ಕೊಡುವುದರಲ್ಲಿ ತಪ್ಪೇನಿಲ್ಲ. ಎಲ್ಲರ ಹೆಸರನ್ನು ಅವರವರೇ ಬರೆಯುವ ಕಾಗುಣಿತದಲ್ಲಿ ಸೇರಿಸಿ, ಹಾಡು ಬರೆದವರ ಮತ್ತು ರಾಗ ಹಾಕಿದವರ ಸಹಿ ಮಾಡಿಸಿ, ಒಂದು ಪ್ರತಿಯನ್ನು ಧರ್ಮಕೇಂದ್ರದ ಕಚೇರಿಯ ಕಡತದಲ್ಲಿ ಇಡಿ. ಹಳೆಯ ಮೆಸ್ತ್ರಿಗಳು ಕೈಯಲ್ಲಿ ಬರೆದಿಟ್ಟ ಸ್ವರಲಿಪಿ ಪುಸ್ತಕಗಳು ಯಾರ ಮನೆಯಲ್ಲಾದರೂ ಇದ್ದರೆ, ಗೆದ್ದಲು ಹಿಡಿಯುವ ಮೊದಲು ಅವುಗಳ ಪುಟಗಳನ್ನು ಸ್ಕ್ಯಾನ್ ಮಾಡಿಸಿ ಅದೇ ಕಡತದ ಜೊತೆಗೆ ಇಡಬಹುದು.